ಕೊಡಗಿನ ಮನೆಗಳಲ್ಲಿ ಆರೋಗ್ಯದ ಅಭ್ಯಾಸ ಬಿಡದೆ ಉಳಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಸೊಪ್ಪು ಆರಿಸುವಾಗ, ಮದುವೆ ಮನೆಯ ಊಟದ ಸಾಲಿನಲ್ಲಿ, ಶಾಲೆ ವ್ಯಾನಿಗೆ ಕಾಯುವಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಶುರು ಮಾಡುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಶುರು ಎಲ್ಲರೂ ಮಾಡಿರುತ್ತಾರೆ. ಹೊಸ ಶೂ ಬಂದಿರುತ್ತದೆ, ಫ್ರಿಜ್ ಬಾಗಿಲಿಗೆ ಟೈಮ್‌ಟೇಬಲ್ ಅಂಟಿಸಿಯಾಗಿರುತ್ತದೆ. ಮುಂದುವರಿಸುವುದೇ ಕಷ್ಟ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಬ್ಬರ ಹಟದಿಂದ ಮನೆಯ ಆರೋಗ್ಯ ಬಹಳ ದಿನ ನಡೆಯಲ್ಲ. ಮನೆಯ ಅಡುಗೆ, ಮಲಗುವ ಹೊತ್ತು, ಸಂಜೆಯ ಒಂದು ಗಂಟೆ ಬದಲಾದರೆ ನಡೆಯುತ್ತದೆ.

ಬಿಪಿ, ಶುಗರ್, ಹೃದಯದ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಊಟ, ವ್ಯಾಯಾಮ ಬದಲಿಸುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ.

ಜೂನ್ ಬಂದರೆ ನಮ್ಮ ವಾಕಿಂಗ್ ನಿಂತೇ ಹೋಗುತ್ತದೆ. ಸೆಪ್ಟೆಂಬರ್ ತನಕ ಏನು ಮಾಡೋದು?

ಕೊಡಗಿನಲ್ಲಿ ವರ್ಷದ ಮೂರನೇ ಒಂದು ಭಾಗ ಮಳೆ. ಅಷ್ಟು ದಿನ ಬಿಟ್ಟು ಅಕ್ಟೋಬರ್‌ನಲ್ಲಿ ಮತ್ತೆ ಎದ್ದರೆ ಪ್ರತಿ ವರ್ಷ ಮೊದಲಿನಿಂದಲೇ ಶುರು ಮಾಡಿದ ಹಾಗೆ. ಅದಕ್ಕೇ ನಾನು ಹೇಳುವುದು, ಪ್ಲಾನ್ ಮಾಡುವುದಾದರೆ ಮಳೆಗಾಲಕ್ಕೆ ಮಾಡಿ. ಬೇಸಿಗೆಯದು ಹೇಗೋ ಆಗುತ್ತದೆ. ಕುಶಾಲನಗರ ಕಡೆಯವರಿಗೆ ಮಳೆ ಕಮ್ಮಿ, ಅವರಿಗೆ ಈ ಕಷ್ಟ ಅಷ್ಟು ಗೊತ್ತಾಗಲ್ಲ. ಭಾಗಮಂಡಲ, ಮಡಿಕೇರಿ ಕಡೆಯವರಿಗೆ ಗೊತ್ತು.

ಮೊದಲನೆಯದು, ಒಂದೇ ಸಲ ಮುಕ್ಕಾಲು ಗಂಟೆ ಬೇಕು ಅನ್ನುವ ಲೆಕ್ಕ ಬಿಡಿ. ಮೊದಲೆಲ್ಲ ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯಿಂದ ಆ ಷರತ್ತನ್ನೇ ತೆಗೆದುಹಾಕಿತು. ಐದು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ಮಳೆ ಹೊಳವಾದಾಗ ಗೇಟಿನ ತನಕ ಹೋಗಿ ಬಂದದ್ದೂ ಬರುತ್ತದೆ. ಆಷಾಢದಲ್ಲಿ ಅಂಥ ಹೊಳವು ದಿನಕ್ಕೆ ಎರಡಾದರೂ ಸಿಗುತ್ತದೆ, ಸಿಕ್ಕಾಗ ಹೊರಡಲು ಶೂ ಬಾಗಿಲಲ್ಲೇ ಇರಬೇಕು ಅಷ್ಟೇ.

ಶೂ ಅಂದಾಗ ನೆನಪಾಯಿತು. ಮಳೆಗಿಂತ ಜಾಸ್ತಿ ಜನರನ್ನು ಮನೆಯಲ್ಲಿ ಕೂರಿಸುವುದು ಒದ್ದೆ ಶೂ. ಜುಲೈನಲ್ಲಿ ಒಂದು ಸಲ ನೆನೆದ ಕ್ಯಾನ್ವಾಸ್ ಶೂ ಮೂರು ದಿನವಾದರೂ ಒಣಗಲ್ಲ. ನಾಲ್ಕನೇ ದಿನ ನೋಡಿದರೆ ಒಳಗೆ ಬಿಳಿ ಬೂಷ್ಟು. ಬಂದ ಕೂಡಲೇ ಒಳಗಿನ ಸೋಲ್ ಹೊರಗೆ ತೆಗೆಯಿರಿ, ಲೇಸ್ ಪೂರ್ತಿ ಸಡಿಲ ಮಾಡಿ, ಹಳೇ ಪೇಪರ್ ಉಂಡೆ ಮಾಡಿ ಮೂತಿಯ ತನಕ ತುರುಕಿ. ಒಂದು ಗಂಟೆ ಬಿಟ್ಟು ಆ ಪೇಪರ್ ತೆಗೆದು ಹೊಸದು ಹಾಕಿ. ಆಮೇಲೆ ನೀರು ಕಾಯಿಸುವ ಒಲೆಯಿಂದ ಒಂದು ಮಾರು ದೂರದಲ್ಲಿ ತಲೆಕೆಳಗಾಗಿ ಒರಗಿಸಿ. ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ. ಇಷ್ಟು ಮಾಡಿದರೆ ಮರುದಿನ ಬೆಳಿಗ್ಗೆ ಹಾಕುವ ಹಾಗಿರುತ್ತದೆ. ಇಬ್ಬರ ಅಳತೆ ಒಂದೇ ಆಗಿದ್ದರೆ ಮನೆಗೆ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಹೊರಗೆ ಕಾಲಿಡುವ ಹಾಗೇ ಇಲ್ಲದ ದಿನಗಳಿಗೆ ಜಗಲಿ ಇದೆ. ಹಳೇ ಮನೆಗಳ ಉದ್ದ ಜಗಲಿಯಲ್ಲಿ ಇಪ್ಪತ್ತು ನಿಮಿಷ ಜೋರಾಗಿ ನಡೆದರೆ ಬೆವರು ಬರುತ್ತದೆ, ನೋಡಿ ಬೇಕಾದರೆ. ಮಕ್ಕಳಿಗೆ ಹಗ್ಗ ಕೊಡಿ, ಸ್ಕಿಪ್ಪಿಂಗ್ ಆಡಲಿ. ದೊಡ್ಡವರಿಗೆ ಸೂರ್ಯ ನಮಸ್ಕಾರ. ಕೋಲಾಟ, ಉಮ್ಮತ್ತಾಟ್ ಕಲಿತವರು ಮನೆಯಲ್ಲಿದ್ದರೆ ಮಳೆಗಾಲವೇ ಕಲಿಸುವ ಕಾಲ. ಸುಗ್ಗಿ ಹಬ್ಬವಾದ ಪುತ್ತರಿ ಹೊತ್ತಿಗೆ ಊರ ಮೈದಾನವಾದ ಮಂದ್‌ನಲ್ಲಿ ಕುಣಿಯುವಾಗ ಉಸಿರು ಕಟ್ಟಲ್ಲ. ಹಾಡು ಹಾಕಿ ಕುಣಿದರೆ ಅದು ವ್ಯಾಯಾಮ ಅಂತ ಮಕ್ಕಳಿಗೆ ಹೇಳಲೂ ಬೇಕಾಗಿಲ್ಲ.

ಕಾಫಿ ಕಣದಲ್ಲಿ ಮಾತ್ರ ಮಳೆಗಾಲದಲ್ಲಿ ಓಡಬೇಡಿ. ಸಿಮೆಂಟಿನ ಮೇಲೆ ಪಾಚಿ ಕಟ್ಟಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ.

ಅಸಲಿಗೆ ಎಷ್ಟು ಹೊತ್ತು ಬೇಕು?

ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಜೋರು ನಡಿಗೆಯಂಥ ಚಟುವಟಿಕೆ. ಓಟ, ಹಾಕಿಯಂಥ ಬಿರುಸಿನದಾದರೆ 75ರಿಂದ 150 ನಿಮಿಷ ಸಾಕು. ಇದರ ಜೊತೆ ವಾರಕ್ಕೆ ಎರಡು ದಿನ ಮಾಂಸಖಂಡಗಳಿಗೆ ಕೆಲಸ ಕೊಡಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಜೋರು ನಡಿಗೆ ಅಂದರೆ ಎಷ್ಟು ಜೋರು? ಪಕ್ಕದವರ ಹತ್ತಿರ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು.

ನಮ್ಮದು ತೋಟ. ದಿನವಿಡೀ ಓಡಾಟ ಇದ್ದೇ ಇದೆ. ಬೇರೆ ವ್ಯಾಯಾಮ ಯಾಕೆ?

ಓಡಾಡುವುದು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಗುಡ್ಡದ ತೋಟದಲ್ಲಿ ಕಾಫಿ ಗಿಡ ಸವರಿ, ಗೊಬ್ಬರದ ಬುಟ್ಟಿ ಹೊತ್ತು, ಮರಗಸಿಗೆ (ನೆರಳು ಮರದ ಕೊಂಬೆ ಕಡಿಯಲು) ಏಣಿ ಹತ್ತುವವರಿಗೆ ನಾನು ಇನ್ನೊಂದು ವ್ಯಾಯಾಮ ಹೇಳುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವವರಿಗೆ ಬೇಕಾದ್ದು ಹೊಟ್ಟೆ ತುಂಬ ಬೇಳೆ, ಮೊಟ್ಟೆ, ಸೊಪ್ಪು, ಮತ್ತೆ ರಾತ್ರಿ ಸರಿಯಾದ ನಿದ್ದೆ. ರಕ್ತ ಕಮ್ಮಿ ಇರುವ ಹೆಂಗಸರಿಗೆ ಬೆಳಿಗ್ಗೆ ವಾಕ್ ಮಾಡಿ ಅನ್ನುವುದು ತಮಾಷೆಯಾಗುತ್ತದೆ.

ತೋಟದ ಯಜಮಾನರ ವಿಷಯ ಬೇರೆ. ಮೊದಲು ನಡೆದು ಸುತ್ತುತ್ತಿದ್ದ ತೋಟವನ್ನು ಈಗ ಜೀಪಿನಲ್ಲಿ, ಸ್ಕೂಟರಿನಲ್ಲಿ ಸುತ್ತುತ್ತಾರೆ. ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿ, ಬ್ಯಾಂಕಿಗೆ ಹೋಗಿ, ಮನೆಗೆ ಬಂದರೆ ದಿನ ಮುಗಿಯಿತು. ದಣಿವಾಗಿರುತ್ತದೆ ನಿಜ, ಆದರೆ ಅದು ಕೂತ ದಣಿವು. ಇಂಥವರಿಗೆ ಸುಲಭದ ದಾರಿ: ವಾರಕ್ಕೆ ಮೂರು ದಿನ ತೋಟ ಸುತ್ತುವುದು ಕಾಲಿನಲ್ಲೇ. ಕೊಳೆ ರೋಗ ಬಂದಿದೆಯಾ, ಬೋರರ್ ಹುಳ ಹಿಡಿದಿದೆಯಾ ಅನ್ನುವುದೂ ಜೀಪಿನಿಂದ ಕಾಣುವುದಿಲ್ಲವಲ್ಲ.

ಇನ್ನು ಮನೆಗೆಲಸ. ಗುಡಿಸಿ ಒರೆಸಿ ಬಾವಿಯಿಂದ ನೀರು ಸೇದುವುದು ಖಂಡಿತ ವ್ಯಾಯಾಮವೇ. ಹಾಗಂತ ಅದನ್ನು ಮನೆಯ ಒಬ್ಬರಿಗೇ ಬಿಡುವುದು ನ್ಯಾಯವಲ್ಲ.

ಬೆಳಿಗ್ಗೆ ವಾಕಿಂಗ್ ಹೋಗಲು ಆನೆ ಭಯ. ಏನು ಮಾಡೋಣ?

ಭಯ ಸರಿಯಾದದ್ದೇ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆ ನಸುಕಿನಲ್ಲಿ ತೋಟದ ರಸ್ತೆಯಲ್ಲಿ ನಡೆಯುವುದು ಆರೋಗ್ಯದ ಕೆಲಸ ಅಲ್ಲ. ರಾತ್ರಿ ತೋಟಕ್ಕೆ ನುಗ್ಗಿದ ಆನೆ ಬೆಳಿಗ್ಗೆ ಬೆಳಕಾಗುವ ಹೊತ್ತಿಗೆ ರಸ್ತೆ ದಾಟುತ್ತದೆ, ಸಂಜೆ ಮತ್ತೆ ಹೊರಡುತ್ತದೆ. ಆ ಎರಡು ಹೊತ್ತು ಬಿಟ್ಟುಬಿಡಿ. ಚೆನ್ನಾಗಿ ಬೆಳಕಾದ ಮೇಲೆ, ಇಬ್ಬರು ಮೂವರು ಒಟ್ಟಿಗೆ, ಕಿವಿಗೆ ಇಯರ್‌ಫೋನ್ ಹಾಕದೆ ಹೋಗಿ. ನಾಯಿಯನ್ನು ಬಿಟ್ಟುಕೊಂಡು ಹೋಗಬೇಡಿ. ಅದು ಆನೆಗೆ ಬೊಗಳಿ, ಹೆದರಿ, ತಿರುಗಿ ಓಡಿ ಬರುವುದು ನಿಮ್ಮ ಹತ್ತಿರಕ್ಕೇ.

ಊರಿನ ಶಾಲೆ ಮೈದಾನ, ದೇವಸ್ಥಾನದ ಅಂಗಳ, ಮನೆಯ ಕಣ ಇದ್ದರೆ ಅಲ್ಲೇ ಸುತ್ತು ಹಾಕಿ. ಬೋರ್ ಆಗುತ್ತದೆ, ಒಪ್ಪಿದೆ. ಮಡಿಕೇರಿ ಪೇಟೆಯವರಿಗೆ ಈ ಚಿಂತೆ ಕಮ್ಮಿ. ರಾಜಾಸೀಟ್ ಏರಿ ಇಳಿದರೆ ಅರ್ಧ ಕೆಲಸ ಆಯಿತು. ಏರುದಾರಿಯ ಊರಿನಲ್ಲಿ ಇರುವುದರ ಲಾಭ ಅದು.

ಪಂದಿಕರಿ ಬಿಡಬೇಕಾ?

ಈ ಪ್ರಶ್ನೆ ಕೇಳುವವರ ಮುಖ ನೋಡಿದರೆ ಬೇಡ ಅನ್ನುವ ಉತ್ತರಕ್ಕೇ ಕಾಯುತ್ತಿರುತ್ತಾರೆ. ಬಿಡಬೇಕಾಗಿಲ್ಲ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ, ಮದುವೆಗೆ, ನೆಂಟರು ಬಂದಾಗ ತಿನ್ನುವ ಪಂದಿಕರಿ, ಅಂದರೆ ಹಂದಿ ಮಾಂಸದ ಸಾರು, ಯಾರ ಆರೋಗ್ಯವನ್ನೂ ಕೆಡಿಸಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಆದಾಗ ತೊಂದರೆ. ಹಂದಿ ಕೊಬ್ಬಿನಲ್ಲಿ ಸುಮಾರು ಐದರಲ್ಲಿ ಎರಡು ಭಾಗ ಸ್ಯಾಚುರೇಟೆಡ್ ಕೊಬ್ಬು. ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಅದೇ.

ಅಡುಗೆಯಲ್ಲಿ ಮಾಡಬಹುದಾದ್ದು ಬಹಳ ಇದೆ. ಎಣ್ಣೆ ಹಾಕಲೇ ಬೇಡಿ, ಮಾಂಸ ಬೇಯುವಾಗ ತನ್ನದೇ ಕೊಬ್ಬು ಬಿಡುತ್ತದೆ. ಹಿಂದಿನ ದಿನ ರಾತ್ರಿಯೇ ಬೇಯಿಸಿ ಆರಲು ಬಿಡಿ. ಕೊಡಗಿನ ಚಳಿಗೆ ಬೆಳಿಗ್ಗೆ ಹೊತ್ತಿಗೆ ಕೊಬ್ಬು ಮೇಲೆ ಬಿಳಿ ಹಪ್ಪಳದಂತೆ ಕಟ್ಟಿರುತ್ತದೆ. ಸೌಟಿನ ಅಂಚಿನಿಂದ ಒತ್ತಿದರೆ ಹಲ್ಲೆಯಾಗಿ ಏಳುತ್ತದೆ. ಅದನ್ನು ತೆಗೆದು, ಮತ್ತೆ ಕುದಿಸಿ, ಹುರಿದು ಪುಡಿ ಮಾಡಿದ ಮಸಾಲೆ, ಕೊನೆಗೆ ಕಾಚಂಪುಳಿ (ಹುಳಿ ಹಣ್ಣಿನ ಗಟ್ಟಿ ಕಪ್ಪು ರಸ) ಹಾಕಿ. ರುಚಿ ಇರುವುದು ಆ ಮಸಾಲೆಯಲ್ಲಿ, ಹುಳಿಯಲ್ಲಿ. ಪೂರ್ತಿ ಕೊಬ್ಬು ತೆಗೆದರೆ ಮನೆಯವರು ಜಗಳ ಮಾಡುತ್ತಾರೆ, ಅರ್ಧ ತೆಗೆದರೆ ಗೊತ್ತೇ ಆಗಲ್ಲ. ಮಾಂಸ ಮಾತ್ರ ಪೂರ್ತಿ ಬೆಂದಿರಲಿ. ಅರೆಬೆಂದ ಹಂದಿ ಮಾಂಸದಿಂದ ಲಾಡಿಹುಳ ಹರಡುತ್ತದೆ.

ಪಂದಿಕರಿ ಜೊತೆ ತಟ್ಟೆಯಲ್ಲಿ ಇನ್ನೇನಿದೆ ಅನ್ನುವುದು ನನ್ನ ಪ್ರಕಾರ ದೊಡ್ಡ ಪ್ರಶ್ನೆ. ಅಲ್ಲಿ ಹಸಿರು ಬಣ್ಣವೇ ಇರುವುದಿಲ್ಲ.

ಕಡಂಬುಟ್ಟು, ನೂಪುಟ್ಟು, ಅಕ್ಕಿರೊಟ್ಟಿ, ಅನ್ನ. ಎಲ್ಲ ಅಕ್ಕಿಯೇ. ಶುಗರ್ ಇದ್ದವರು ಏನು ತಿನ್ನಬೇಕು?

ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಪುಟ್ಟು. ರೂಪ ಬೇರೆ, ಅಕ್ಕಿ ಒಂದೇ. ಎಣ್ಣೆ ಇಲ್ಲ, ಹಬೆಯಲ್ಲಿ ಬೆಂದದ್ದು ಅಂತ ಕಡಂಬುಟ್ಟನ್ನು ಲೆಕ್ಕವಿಲ್ಲದೆ ತಿನ್ನುವವರನ್ನು ನೋಡಿದ್ದೇನೆ. ಎಣ್ಣೆ ಇಲ್ಲ ಸರಿ, ಪಿಷ್ಟ ಪೂರ್ತಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45 ದಾಟಬಾರದು. ನಮ್ಮ ಮನೆಗಳಲ್ಲಿ ಅದು ಸುಲಭವಾಗಿ ದಾಟುತ್ತದೆ.

ಅಕ್ಕಿ ಬಿಡಿ ಅಂದರೆ ಯಾರೂ ಬಿಡಲ್ಲ, ನಾನೂ ಬಿಡಲ್ಲ. ದಿನಕ್ಕೆ ಒಂದು ಹೊತ್ತು ಮಾತ್ರ ಬದಲಿಸಿ. ಶನಿವಾರಸಂತೆ, ಕುಶಾಲನಗರ ಕಡೆ ರಾಗಿ ಮುದ್ದೆ ಮೊದಲಿನಿಂದಲೂ ಇದೆ, ರಾತ್ರಿ ಅದೇ ಆಗಬಹುದು. ಇಲ್ಲದಿದ್ದರೆ ಹೆಸರುಕಾಳಿನ ದೋಸೆ. ಉಳಿದ ಹೊತ್ತಿನಲ್ಲಿ ಪುಟ್ಟಿನ ಗಾತ್ರ ಚಿಕ್ಕದು ಮಾಡಿ, ಪಲ್ಯದ ಬಟ್ಟಲು ದೊಡ್ಡದು ಮಾಡಿ. ತಿನ್ನುವ ಕ್ರಮವನ್ನೂ ಬದಲಿಸಬಹುದು: ಮೊದಲು ಪಲ್ಯ, ಕಾಳು, ಮಾಂಸ, ಆಮೇಲೆ ಅನ್ನ. ಊಟವಾದ ಮೇಲೆ ಶುಗರ್ ಒಮ್ಮೆಲೇ ಏರುವುದು ಇದರಿಂದ ಸ್ವಲ್ಪ ತಗ್ಗುತ್ತದೆ. ಊಟವಾದ ಕೂಡಲೇ ಹತ್ತು ನಿಮಿಷ ಜಗಲಿಯಲ್ಲಿ ನಡೆದರೂ ತಗ್ಗುತ್ತದೆ.

ತರಕಾರಿಗೆ ಕೊಡಗಿನಲ್ಲಿ ಬರವಿಲ್ಲ. ಕೆಸುವಿನ ಸೊಪ್ಪು, ಬಾಳೆದಿಂಡು, ಹಲಸಿನಕಾಯಿ, ಹಿತ್ತಲಿನ ಬೀನ್ಸ್. ಹಣ್ಣಿಗೆ ಕಿತ್ತಳೆ ಇದೆ, ಬೇಲಿಯಲ್ಲಿ ಪ್ಯಾಷನ್ ಫ್ರೂಟ್ ಇದೆ, ಬೆಣ್ಣೆಹಣ್ಣು ತೋಟದಲ್ಲಿ ಬಿದ್ದು ಕೊಳೆಯುತ್ತದೆ. ಬೆಂಗಳೂರಿನವರು ಅದಕ್ಕೇ ದುಡ್ಡು ಕೊಟ್ಟು ಆವಕಾಡೊ ಟೋಸ್ಟ್ ತಿನ್ನುತ್ತಾರೆ! ಸಕ್ಕರೆ, ಹಾಲು ಹಾಕಿ ಜ್ಯೂಸ್ ಮಾಡದೆ ಉಪ್ಪು ಮೆಣಸು ಹಾಕಿ ರೊಟ್ಟಿಗೆ ಸವರಿ ನೋಡಿ.

ಕಾಚಂಪುಳಿ ಕುಡಿದರೆ ತೂಕ ಇಳಿಯುತ್ತದಂತೆ. ನಿಜಾನಾ?

ಇಲ್ಲ. ಅದೇ ಜಾತಿಯ ಹಣ್ಣಿನಿಂದ ಮಾಡಿದ ಗಾರ್ಸೀನಿಯಾ ಮಾತ್ರೆಗಳ ಜಾಹೀರಾತಿನಿಂದ ಹುಟ್ಟಿದ ಮಾತು ಇದು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯಲ್ಲಿ, ಅದನ್ನು ತೆಗೆದುಕೊಂಡವರಿಗೂ ಸುಮ್ನೆ ಹುಸಿ ಮಾತ್ರೆ ನುಂಗಿದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಕಾಚಂಪುಳಿ ಸಾರಿಗೆ ಇರಲಿ, ಲೋಟಕ್ಕೆ ಬೇಡ.

ಕಕ್ಕಡದ ಮದ್ದು ಸೊಪ್ಪು, ಕಣಿಲೆ, ಅಣಬೆ? ಇವು ಔಷಧಿ ಅಲ್ವಾ?

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರುತ್ತದೆ ಅನ್ನುವುದು ನಂಬಿಕೆ. ಆ ನೇರಳೆ ಬಣ್ಣದ ಪಾಯಸ ಮನೆಯವರೆಲ್ಲ ಕೂತು ತಿನ್ನುವುದು ಚೆಂದ. ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಅದನ್ನು ನಂಬಿ ಬಿಪಿ ಮಾತ್ರೆ ಬಿಡಬೇಡಿ. ಪಾಯಸದಲ್ಲಿ ಬೆಲ್ಲ, ತೆಂಗಿನಹಾಲು ಬೇಕಾದಷ್ಟು ಇರುತ್ತದೆ, ಶುಗರ್ ಇದ್ದವರು ಒಂದು ಸಣ್ಣ ಬಟ್ಟಲಿಗೆ ನಿಲ್ಲಿಸಿ.

ಕಣಿಲೆ, ಅಂದರೆ ಎಳೆ ಬಿದಿರು, ಒಳ್ಳೆಯದು. ನಾರಿದೆ, ಕ್ಯಾಲರಿ ಕಮ್ಮಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನಮ್ಮ ಅಜ್ಜಿಯರು ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಆಮೇಲೆ ಬೇಯಿಸುತ್ತಿದ್ದದ್ದು ಸುಮ್ನೆ ಅಲ್ಲ. ಅವಸರಕ್ಕೆ ಆ ಹಂತ ಬಿಡಬೇಡಿ, ಬೇಯಿಸಿದ ನೀರನ್ನೂ ಚೆಲ್ಲಿ. ಅಣಬೆಯ ವಿಷಯದಲ್ಲಿ ಒಂದೇ ಮಾತು: ಗುರುತಿಲ್ಲದ್ದನ್ನು ಮುಟ್ಟಬೇಡಿ.

ದಿನಕ್ಕೆ ಎಷ್ಟು ಕಾಫಿ ಕುಡಿಯಬಹುದು?

ಕಾಫಿ ಬೆಳೆಯುವವರಿಗೆ ಈ ಉತ್ತರ ಹಿಡಿಸಲ್ಲ. ಪೌಷ್ಟಿಕ ಸಂಸ್ಥೆಯ 2024ರ ಅದೇ ಮಾರ್ಗಸೂಚಿಯಲ್ಲಿ ಕೆಫೀನ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಅಂತ ಇದೆ. 150 ಮಿಲಿ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಅಂದರೆ ಮೂರು ಲೋಟ. ಕೊಡಗಿನಲ್ಲಿ ಜಾಸ್ತಿ ಬೆಳೆಯುವುದು ರೊಬಸ್ಟಾ. ಅದರಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು. ಮನೆಯ ಬೀಜ ಹುರಿದು ಪುಡಿ ಮಾಡಿಸುವವರು ಇದನ್ನು ನೆನಪಿಡಿ.

ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಕಾಫಿ, ಟೀ ಬೇಡ. ಊಟದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ರಕ್ತಹೀನತೆ ಇರುವ ಹೆಂಗಸರು, ಹುಡುಗಿಯರು ಇರುವ ಮನೆಯಲ್ಲಿ ಈ ಒಂದು ಬದಲಾವಣೆಯನ್ನಾದರೂ ಮಾಡಿ. ರೊಟ್ಟಿ ಜೊತೆಗೇ ಕಾಫಿ ಕುಡಿಯುವ ಅಭ್ಯಾಸ ಬಿಡುವುದು ಕಷ್ಟ, ಗೊತ್ತು.

ಬೆಲ್ಲದ ಕಾಫಿ ಸಕ್ಕರೆಗಿಂತ ಒಳ್ಳೆಯದು ಅಂತ ನಾಲ್ಕು ಲೋಟ ಕುಡಿಯುವವರಿಗೆ: ಬೆಲ್ಲವೂ ಸಕ್ಕರೆಯೇ. ಲೋಟಕ್ಕೆ ಎರಡು ಚಮಚ ಅಂದರೂ ನಾಲ್ಕು ಲೋಟಕ್ಕೆ ಎಂಟು. ತಿಂಗಳಿಗೆ ಅರ್ಧ ಚಮಚದ ಹಾಗೆ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಮಕ್ಕಳು ಮೊಬೈಲ್ ಬಿಟ್ಟು ಹೊರಗೇ ಬರಲ್ಲ.

ಮೊಬೈಲ್ ಕಿತ್ತುಕೊಂಡರೆ ಬರಲ್ಲ. ಹೊರಗೆ ಆಡಲು ಜೊತೆ ಇದ್ದರೆ ಬರುತ್ತಾರೆ. ಒಂದು ತೋಟಕ್ಕೂ ಇನ್ನೊಂದಕ್ಕೂ ದೂರ, ಪಕ್ಕದ ಮನೆಯ ಮಗು ಅನ್ನುವುದೇ ಇಲ್ಲ. ಆದ್ದರಿಂದ ಕೊಡಗಿನಲ್ಲಿ ಆಟದ ಜೊತೆ ಅಂದರೆ ಅಪ್ಪ, ಅಮ್ಮ, ಚಿಕ್ಕಪ್ಪನೇ. ಇದು ಹೊಸ ವಿಷಯವೇನೂ ಅಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರು ಮಾಡಿದರು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವುದು ಅಲ್ಲಿ ಮಾಮೂಲು. ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿಯೂ ಇದೆ. ಇಂಥ ಪಂದ್ಯಕ್ಕೆ ಹೆಸರು ಕೊಟ್ಟರೆ ಸಾಕು, ಎರಡು ತಿಂಗಳು ಮನೆಯವರೆಲ್ಲ ಕಣದಲ್ಲಿ ಚೆಂಡು ಹೊಡೆಯುತ್ತಾರೆ. ಪಂದ್ಯ ಮುಗಿದ ಮೇಲೂ ಸ್ಟಿಕ್ ಅಟ್ಟ ಸೇರಬಾರದು, ಅದೇ ನೋಡಿಕೊಳ್ಳಬೇಕಾದ್ದು. ಬಾಗಿಲ ಪಕ್ಕದಲ್ಲೇ ಇರಲಿ.

ಪಂದ್ಯ ಇಲ್ಲದವರಿಗೆ ಇನ್ನೊಂದು ಗುರಿ ಹೇಳುತ್ತೇನೆ. ಮಳೆ ಮುಗಿದ ಮೇಲೆ ಮನೆಯವರೆಲ್ಲ ತಡಿಯಂಡಮೋಳ್ ಹತ್ತುವುದು. 1,748 ಮೀಟರ್, ಜಿಲ್ಲೆಯ ಅತಿ ಎತ್ತರದ ಬೆಟ್ಟ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಹತ್ತಿರದಿಂದ ದಾರಿ. ಅನುಮತಿ, ಶುಲ್ಕದ ವಿಷಯ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ತಾರೀಕು ಆಗಸ್ಟ್‌ನಲ್ಲೇ ಗೊತ್ತು ಮಾಡಿದರೆ ಜಗಲಿ ನಡಿಗೆಗೆ ಒಂದು ಕಾರಣ ಸಿಗುತ್ತದೆ.

ಮೊಬೈಲಿಗೆ ಒಂದೇ ನಿಯಮ ಸಾಕು: ಊಟದ ಹೊತ್ತಿನಲ್ಲಿ, ಮಲಗುವ ಕೋಣೆಯಲ್ಲಿ ಯಾರ ಮೊಬೈಲೂ ಇರಬಾರದು. ಅಪ್ಪನದೂ. ಶಾಲೆ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದನ್ನು ತಿನ್ನುವುದು ಮೊಬೈಲೇ.

ಮನೆಯಲ್ಲಿ ನನಗೊಬ್ಬಳಿಗೇ ಆಸಕ್ತಿ. ಯಜಮಾನರು ಕೇಳುವುದೇ ಇಲ್ಲ.

ಉಪದೇಶ ನಿಲ್ಲಿಸಿ, ಅಡುಗೆಮನೆಯಲ್ಲಿ ಕೆಲಸ ಮಾಡಿ. ಮಿಕ್ಸ್ಚರ್ ಡಬ್ಬಿ ಕಣ್ಣಿಗೆ ಕಾಣುವ ಜಾಗದಲ್ಲಿ ಇಲ್ಲದಿದ್ದರೆ ತಿನ್ನುವುದು ಕಮ್ಮಿಯಾಗುತ್ತದೆ. ತಿಂಗಳಿಗೆ ತರುವ ಎಣ್ಣೆಯಲ್ಲಿ ಒಂದು ಪ್ಯಾಕೆಟ್ ಕಮ್ಮಿ ತನ್ನಿ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಮಾತ್ರ. ಉಪ್ಪಿನಕಾಯಿ, ಒಣಮೀನು ಎಲ್ಲ ಅದರೊಳಗೇ ಬರಬೇಕು. ಒಣಮೀನು ಇರುವ ದಿನ ಸಾರಿಗೆ ಉಪ್ಪು ಕಮ್ಮಿ ಹಾಕಿ. ಯಾರಿಗೂ ಹೇಳಲು ಹೋಗಬೇಡಿ.

ಜೊತೆಗೆ ಅವರಿಗೆ ಒಂದು ಕೆಲಸ ಕೊಡಿ. ಸಂಜೆ ಮಕ್ಕಳ ಆಟ ಅವರ ಜವಾಬ್ದಾರಿ, ಅಥವಾ ಭಾನುವಾರದ ತರಕಾರಿ ಹೆಚ್ಚುವುದು. ಆರೋಗ್ಯದ ಅಡುಗೆ ಅಂದರೆ ಹೆಂಗಸಿಗೆ ಇನ್ನೂ ಒಂದು ಗಂಟೆ ಜಾಸ್ತಿ ಕೆಲಸ ಅಂತಾದರೆ ಅದು ಮೂರು ವಾರಕ್ಕಿಂತ ಹೆಚ್ಚು ನಡೆಯಲ್ಲ, ನಡೆಯಲೂ ಬಾರದು.

ಅತ್ತೆ, ಮಾವನಿಗೆ 70 ದಾಟಿದೆ. ಅವರೂ ವ್ಯಾಯಾಮ ಮಾಡಬೇಕಾ?

ಮಾಡಬೇಕು, ಮುಖ್ಯವಾಗಿ ಬೀಳದೆ ಇರಲು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುರ್ಚಿಯ ಬೆನ್ನು ಹಿಡಿದು ಒಂದು ಕಾಲಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಪಕ್ಕದಲ್ಲಿ ಒಬ್ಬರು ಇರಲಿ. ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರಿ ಜಾರುತ್ತದೆ, ಬಚ್ಚಲಿನ ದಾರಿಯಲ್ಲಿ ಗೋಣಿಚೀಲ ಹಾಸುವ ಬದಲು ರಬ್ಬರ್ ಮ್ಯಾಟ್ ಹಾಕಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಬಲ್ಬ್ ಉರಿಯುತ್ತಿರಲಿ. ಕರೆಂಟ್ ಹೋಗುವುದು ಇದ್ದದ್ದೇ, ತಲೆದಿಂಬಿನ ಪಕ್ಕ ಟಾರ್ಚ್ ಇಡಿ.

ನಮ್ಮದು ಹೋಂಸ್ಟೇ. ಗೆಸ್ಟ್‌ಗಳಿಗೆ ಮಾಡಿದ್ದೇ ನಮಗೂ ಊಟ.

ಕೊಡಗಿನ ಹೊಸ ಕಾಯಿಲೆ ಇದು. ವಾರಾಂತ್ಯದಲ್ಲಿ ಪೂರಿ, ಕರಿದ ಕೋಳಿ, ಪಂದಿಕರಿ ಮಾಡುತ್ತಾರೆ. ಉಳಿದದ್ದು ಸೋಮವಾರ, ಮಂಗಳವಾರ ಮನೆಯವರ ತಟ್ಟೆಗೆ. ಚೆಲ್ಲಲು ಮನಸ್ಸು ಬರುವುದಿಲ್ಲ. ಬುಕಿಂಗ್ ಮಾಡುವಾಗಲೇ ಎಷ್ಟು ಜನ, ಏನು ತಿನ್ನುತ್ತಾರೆ ಅಂತ ಕೇಳಿ ಅಳತೆಗೆ ಮಾಡಿ. ಮನೆಯವರಿಗೆ ಒಂದು ಕುಕ್ಕರ್‌ನಲ್ಲಿ ಬೇಳೆ, ತರಕಾರಿ ಬೇರೆ ಇಡಿ. ಗೆಸ್ಟ್ ಮಲಗಿದ ಮೇಲೆ ಹನ್ನೊಂದಕ್ಕೆ ಊಟ ಮಾಡುವುದನ್ನು ನಿಲ್ಲಿಸಿ. ಅವರಿಗೆ ಬಡಿಸುವ ಮೊದಲೇ, ಏಳೂವರೆಗೆ ಊಟ ಮುಗಿಸಿ.

ಸಂಜೆ ಕ್ಯಾಂಪ್‌ಫೈರ್ ಹತ್ತಿರ ಗೆಸ್ಟ್ ಜೊತೆ ಒಂದು ಪೆಗ್ ಹಾಕುವ ಯಜಮಾನರು ವರ್ಷಕ್ಕೆ ಎಷ್ಟು ವಾರಾಂತ್ಯ ಅಂತ ಎಣಿಸಿ ನೋಡಲಿ.

ಮದುವೆ ಸೀಸನ್‌ನಲ್ಲಿ ಎಲ್ಲ ಹಾಳಾಗುತ್ತದೆ, ಅಲ್ವಾ?

ಏಪ್ರಿಲ್, ಮೇನಲ್ಲಿ ವಾರಕ್ಕೆ ಮೂರು ಮದುವೆ ಇರುವ ಮನೆಗಳಿವೆ. ಹೋಗಬೇಡಿ ಅನ್ನಲು ಆಗಲ್ಲ. ಹಸಿದು ಹೋಗಬೇಡಿ, ಮೊದಲ ಸುತ್ತಿಗೇ ನಿಲ್ಲಿಸಿ, ವಾಲಗಕ್ಕೆ ಚೆನ್ನಾಗಿ ಕುಣಿಯಿರಿ. ಕುಡಿಯುವ ವಿಷಯದಲ್ಲಿ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಮದ್ಯದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್, ನೆಲ್ಲಿಕಾಯಿ ವೈನ್ ಕೂಡ ಅದರಲ್ಲಿ ಸೇರುತ್ತದೆ, ಸಕ್ಕರೆ ಬೇರೆ ಮೇಲಿಂದ. ನಮ್ಮಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ.

ಕಾಫಿ ಕೊಯ್ಲಿನ ಸಮಯದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ವ್ಯಾಯಾಮ ಬಿಡಿ, ನಿದ್ದೆ ಮತ್ತು ಊಟದ ಹೊತ್ತು ಬಿಡಬೇಡಿ. ತೋಟಕ್ಕೆ ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ಫೆಬ್ರವರಿ ಬಿಸಿಲಿನಲ್ಲಿ ಬರೀ ಕಾಫಿ ಕುಡಿದು ದಿನ ತಳ್ಳಬೇಡಿ. ಮೂಟೆ ಎತ್ತುವಾಗ ಮಂಡಿ ಬಗ್ಗಲಿ, ಸೊಂಟ ಬೇಡ. ಮೂಟೆ ಅರ್ಧ ತುಂಬಿಸಿ ಎರಡು ಸಲ ಹೊತ್ತರೆ ಯಾರೂ ಬೈಯಲ್ಲ. ಕೊಯ್ಲು ಮುಗಿದ ವಾರವೇ ಮತ್ತೆ ಶುರು ಮಾಡಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರಲಿ, ಆಮೇಲೆ ನೋಡೋಣ ಅಂದರೆ ಮಳೆಗಾಲವೇ ಬಂದುಬಿಡುತ್ತದೆ.

ಜಿಮ್ ಸೇರಬೇಕಾ?

ಹತ್ತಿರ ಇದ್ದರೆ ಸೇರಿ. ಹದಿನೈದು ಕಿಲೋಮೀಟರ್ ಘಾಟಿ ರಸ್ತೆಯಲ್ಲಿ ಹೋಗಿ ಬರುವುದಾದರೆ ಬೇಡ. ಮನೆಯಲ್ಲಿ ಎರಡು ನೀರಿನ ಕ್ಯಾನ್, ಒಂದು ಗಟ್ಟಿ ಮೆಟ್ಟಿಲು ಇದ್ದರೆ ವಾರಕ್ಕೆ ಎರಡು ದಿನದ ಮಾಂಸಖಂಡದ ಕೆಲಸ ಆಗುತ್ತದೆ.

ತೂಕ ಇಳಿಯುತ್ತಲೇ ಇಲ್ಲ. ಏನು ನೋಡಿ ಸಮಾಧಾನ ಮಾಡಿಕೊಳ್ಳುವುದು? ಯಾವ ಟೆಸ್ಟ್ ಮಾಡಿಸಬೇಕು?

ತಕ್ಕಡಿಗಿಂತ ಟೇಪ್ ನಂಬಿ. ಹೊಕ್ಕುಳದ ಮಟ್ಟದಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನಮ್ಮ ಜನಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಬೇರೆ ದೇಶದ ಆ್ಯಪ್‌ಗಳು 25, 30 ಅನ್ನುತ್ತವೆ, ಅದನ್ನು ನೋಡಿ ಖುಷಿಪಡಬೇಡಿ. ಸೊಂಟ ಎರಡು ಸೆಂಟಿಮೀಟರ್ ಇಳಿದು ತೂಕ ಹಾಗೇ ಇದ್ದರೂ ಒಳ್ಳೆಯದೇ ಆಗುತ್ತಿದೆ. ಮಕ್ಕಳ ತೂಕವನ್ನು ಎಲ್ಲರ ಎದುರು ಮಾತಾಡಬೇಡಿ. ಬೆಳೆಯುವ ಮಗುವಿನ ತೂಕ ಸರಿ ಇದೆಯಾ ಅನ್ನುವುದನ್ನು ಡಾಕ್ಟರ್ ಅಳತೆಪಟ್ಟಿ ನೋಡಿ ಹೇಳಬೇಕು, ನೆಂಟರು ಅಲ್ಲ.

30 ವರ್ಷ ದಾಟಿದವರೆಲ್ಲ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಇದನ್ನು ಉಚಿತವಾಗಿ ಮಾಡುತ್ತಾರೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಅದೇ ಕಾರ್ಯಕ್ರಮದಲ್ಲಿ ಬರುತ್ತದೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಬಾಯಿಯ ತಪಾಸಣೆ ತಪ್ಪಿಸಬೇಡಿ. ಬಿಪಿ ಒಂದಕ್ಕಿಂತ ಹೆಚ್ಚು ಸಲ 140/90 ದಾಟಿದರೆ ಡಾಕ್ಟರನ್ನು ನೋಡಿ. ಮಳೆಗಾಲದಲ್ಲಿ ಗದ್ದೆ, ಕೆಸರಿನಲ್ಲಿ ಕೆಲಸ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಮನೆಯಲ್ಲೇ ಕಷಾಯ ಕುಡಿದು ಕೂರಬೇಡಿ. ಇಲಿ ಜ್ವರ ಇರಬಹುದು, ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಮನೆಯವರೆಲ್ಲರ ರಿಪೋರ್ಟ್ ಒಂದೇ ಫೈಲಿನಲ್ಲಿ, ವರ್ಷದ ಪ್ರಕಾರ ಇಡಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ ಬಿಟ್ಟರೆ ಬೇಕಾದಾಗ ಗುಡ್ ಮಾರ್ನಿಂಗ್ ಮೆಸೇಜ್‌ಗಳ ನಡುವೆ ಅದು ಸಿಗುವುದಿಲ್ಲ.